‘ಸುಮ್ನೆ ಇದ್ದೀನಿ’ ಎನ್ನುವವರ ಕೆಲಸ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಪದವಿ ಮುಗಿಸಿದ ಹುಡುಗರನ್ನು ‘ಏನಪ್ಪಾ ಮಾಡ್ತಿದ್ದೀಯ?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏನಿಲ್ಲ ಸಾರ್, ಸುಮ್ನೆ ಇದ್ದೀನಿ.’ ಹೀಗೆ ಹೇಳುವವರಲ್ಲಿ ನಿಜಕ್ಕೂ ಸುಮ್ಮನೆ ಇರುವವರು ಕಡಿಮೆ. ಒಬ್ಬ ಹಿಂದಿನ ದಿನವಷ್ಟೇ ಯಾರದೋ ತೋಟದಲ್ಲಿ ಕಾಯಿ ಸುಲಿದು ಬಂದಿರುತ್ತಾನೆ. ಇನ್ನೊಬ್ಬ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಮಧ್ಯಾಹ್ನದವರೆಗೆ ಸ್ಪ್ಯಾನರ್ ಹಿಡಿದಿರುತ್ತಾನೆ. ಮಗದೊಬ್ಬಳು ಅಮ್ಮನ ಜೊತೆ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸಿರುತ್ತಾಳೆ. ಆದರೂ ಅವರ ಲೆಕ್ಕದಲ್ಲಿ ಅದು ಕೆಲಸವಲ್ಲ. ಕೆಲಸವೆಂದರೆ ಓದಿಗೆ ತಕ್ಕದ್ದು, ತಿಂಗಳ ಕೊನೆಗೆ ಸಂಬಳ ತರುವಂಥದ್ದು. ಅದು ಸಿಕ್ಕಿಲ್ಲ, ಹಾಗಾಗಿ ‘ಸುಮ್ನೆ ಇದ್ದೀನಿ’. ಈ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಜಗಲಿಯ ಮೇಲೆ ಆಡಿದಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಸರ್ಕಾರದ ಮುಂದೆ ಬರೆದುಕೊಡಬೇಕಾಗಿ ಬಂದಾಗ ಮಾತ್ರ ಇದೇ ಮಾತು ಅಪರಾಧವಾಗಬಹುದು.

ರಾಜ್ಯ ಸರ್ಕಾರದ ‘ಯುವನಿಧಿ’ ಅಂಥ ಸಂದರ್ಭವನ್ನು ತಂದಿತು. 2023ರ ಚುನಾವಣೆಯ ಐದು ಗ್ಯಾರಂಟಿಗಳಲ್ಲಿ ಕೊನೆಯದಾಗಿ ಜಾರಿಗೆ ಬಂದದ್ದು ಇದು. ಆ ವರ್ಷದ ಡಿಸೆಂಬರ್‌ನಲ್ಲಿ ನೋಂದಣಿ ಶುರುವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ವರ್ಗಾವಣೆಗೆ ಚಾಲನೆ ಸಿಕ್ಕಿತು. 2022-23ನೇ ಸಾಲಿನಲ್ಲಿ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ. ಅವಧಿ ಕೆಲಸ ಸಿಗುವವರೆಗೆ, ಹೆಚ್ಚೆಂದರೆ ಎರಡು ವರ್ಷ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ, ಅಪ್ರೆಂಟಿಸ್ ವೇತನ ಪಡೆಯುವವರಿಗೆ, ಸರ್ಕಾರಿ ಅಥವಾ ಖಾಸಗಿ ಉದ್ಯೋಗದಲ್ಲಿ ಇರುವವರಿಗೆ, ಸಾಲ ಪಡೆದು ಸ್ವಯಂ ಉದ್ಯೋಗ ಮಾಡುವವರಿಗೆ ಇದು ಇಲ್ಲ. ಆರಂಭದ ನಿಯಮದಂತೆ ಪ್ರತಿ ತಿಂಗಳು 25ನೇ ತಾರೀಖಿನೊಳಗೆ ‘ನಾನು ಇನ್ನೂ ನಿರುದ್ಯೋಗಿ’ ಎಂದು ಫಲಾನುಭವಿಯೇ ಘೋಷಿಸಿಕೊಳ್ಳಬೇಕಿತ್ತು. ಸುಳ್ಳು ಹೇಳಿದರೆ ದಂಡ.

ಯೋಜನೆ ಬೇಕೋ ಬೇಡವೋ ಎಂಬ ರಾಜಕೀಯ ಜಗಳ ಇಲ್ಲಿ ನನ್ನ ವಿಷಯವಲ್ಲ. ಓದಿಸಿ ಕೈಬಿಟ್ಟ ಮಕ್ಕಳಿಗೆ ಸಮಾಜ ಎರಡು ವರ್ಷ ಆಸರೆ ಕೊಡುವುದು ನ್ಯಾಯವೆಂದೇ ನನ್ನ ಭಾವನೆ. ಕಥೆ ಬರೆಯುವವನಾಗಿ ನನ್ನನ್ನು ಕಾಡುವುದು ಆ ಘೋಷಣೆಯ ಒಂದು ಸಾಲು. ‘ನಾನು ನಿರುದ್ಯೋಗಿ’ ಎಂಬ ವಾಕ್ಯದಲ್ಲಿ ಮಾತಾಡುತ್ತಿರುವ ‘ನಾನು’ ಯಾರು?

ಪದದಿಂದಲೇ ಶುರು ಮಾಡೋಣ. ‘ಉದ್ಯೋಗ’ಕ್ಕೆ ಸಂಸ್ಕೃತದಲ್ಲಿ ಪ್ರಯತ್ನ, ಸಿದ್ಧತೆ ಎಂಬ ಅರ್ಥ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ಸಿಗುವುದಿಲ್ಲ, ಯುದ್ಧದ ಸಿದ್ಧತೆ ನಡೆಯುತ್ತದೆ. ಆ ಲೆಕ್ಕದಲ್ಲಿ ‘ನಿರುದ್ಯೋಗಿ’ ಎಂದರೆ ಪ್ರಯತ್ನವೇ ಇಲ್ಲದವನು. ಉರ್ದುವಿನ ‘ಬೇಕಾರ್’ ಇನ್ನೂ ಕ್ರೂರ: ಕೆಲಸವಿಲ್ಲದವನು ಎಂಬ ಅರ್ಥ ‘ಕೆಲಸಕ್ಕೆ ಬಾರದವನು’ ಎಂಬಲ್ಲಿಗೆ ಜಾರಿದೆ. ಉರ್ದುವಿನ ಇನ್ನೊಂದು ಪದ ಮಾತ್ರ ಸ್ವಲ್ಪ ಕರುಣೆಯದು. ‘ರೋಜ್‌ಗಾರ್’ ಎಂಬಲ್ಲಿ ‘ರೋಜ್’ ಇದೆ, ಅಂದರೆ ದಿನ. ಇವತ್ತು ಇದ್ದದ್ದು ನಾಳೆ ಇಲ್ಲದಿರಬಹುದು ಎಂಬುದು ಆ ಪದಕ್ಕೆ ಗೊತ್ತಿರುವಂತೆ ಕಾಣುತ್ತದೆ. ಸರ್ಕಾರಿ ಅರ್ಜಿಗೆ ಮಾತ್ರ ಇದು ಗೊತ್ತಿಲ್ಲ. ಅದರಲ್ಲಿ ಇರುವುದು ಎರಡೇ ಜಾತಿ: ಉದ್ಯೋಗಿ, ನಿರುದ್ಯೋಗಿ. ವಾರಕ್ಕೆ ಎಷ್ಟು ಗಂಟೆ, ತಿಂಗಳಿಗೆ ಎಷ್ಟು ದಿನ ಎಂಬ ಅಳತೆಯೇ ಇಲ್ಲ.

ತೆಂಗಿನ ಸೀಮೆಯ ಕೆಲಸಕ್ಕೆ ಈ ಎರಡು ಖಾನೆ ಸಾಲುವುದಿಲ್ಲ. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ಆಮೇಲೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ತಿಪಟೂರಿನ ಮಾರುಕಟ್ಟೆಗೆ ಸಾಗಿಸಬೇಕು. ರೈತ ಯಾವಾಗ ಅಟ್ಟ ಇಳಿಸುತ್ತಾನೆ ಎಂಬುದನ್ನು ಧಾರಣೆ ತೀರ್ಮಾನಿಸುತ್ತದೆ. ಬೆಲೆ ಬಿದ್ದರೆ ಕಾಯಿ ಅಟ್ಟದಲ್ಲೇ ಇರುತ್ತದೆ, ಸುಲಿಯುವವನು ಮನೆಯಲ್ಲೇ ಇರುತ್ತಾನೆ. ಬೆಲೆ ಏರಿದರೆ ಎಲ್ಲರಿಗೂ ಒಂದೇ ವಾರದಲ್ಲಿ ಆಳು ಬೇಕು. ಸುಲಿಯುವ ಕೂಲಿ ಸಾವಿರ ಕಾಯಿಗೆ ಇಷ್ಟು ಎಂದು. ಅಲ್ಲಿ ಹಾಜರಿ ಪುಸ್ತಕವಿಲ್ಲ, ನೇಮಕಾತಿ ಪತ್ರವಿಲ್ಲ. ಇಂಥ ಕಡೆ ತಿಂಗಳಲ್ಲಿ ಎಂಟು ದಿನ ದುಡಿದವನು ಉದ್ಯೋಗಿಯೋ ನಿರುದ್ಯೋಗಿಯೋ?

ಬಿ.ಎ. ಮುಗಿಸಿದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಅವನಿಗೆ ದಿನಕ್ಕೆ 600 ರೂಪಾಯಿಯಂತೆ ಎರಡು ದಿನ ಕೆಲಸ ಸಿಕ್ಕಿತು ಎನ್ನೋಣ. ಅದನ್ನು ಹೇಳಿಕೊಂಡು ಆ ತಿಂಗಳ ಭತ್ಯೆ ತಪ್ಪಿದರೆ ಅವನು 1,200 ಗಳಿಸಿ 3,000 ಕಳೆದುಕೊಂಡ. ಕೆಲಸ ಮಾಡಿದ್ದಕ್ಕೆ ಅವನು ತೆತ್ತ ದಂಡ 1,800 ರೂಪಾಯಿ. ಎಂಟು ದಿನ ದುಡಿದರೆ ಗಳಿಕೆ 4,800. ಸುಮ್ಮನೆ ಕೂತವನಿಗಿಂತ ಅವನ ಕೈಗೆ ಹೆಚ್ಚು ಬಂದದ್ದು 1,800, ಅಂದರೆ ದಿನಕ್ಕೆ 225 ರೂಪಾಯಿ. ಈಗ ಅವನ ಮುಂದೆ ಮೂರು ದಾರಿ. ಕೆಲಸಕ್ಕೆ ಹೋಗದಿರುವುದು, ಹೋಗಿ ಮುಚ್ಚಿಡುವುದು, ಅಥವಾ ಹೇಳಿ ಕಳೆದುಕೊಳ್ಳುವುದು. ಮೊದಲನೆಯದು ಸೋಮಾರಿತನ, ಎರಡನೆಯದು ಸುಳ್ಳು. ಮೂರನೆಯದು ಪ್ರಾಮಾಣಿಕತೆ, ಆದರೆ ನಷ್ಟವಾಗುವುದು ಅದೊಂದರಿಂದಲೇ. ಹೀಗೆ ರಚಿಸಿದ ನಿಯಮ ಯಾರ ನೀತಿಯನ್ನು ಪರೀಕ್ಷಿಸುತ್ತಿದೆ?

ಇಲ್ಲಿ ನೆನಪಾಗುವುದು ಪ್ರೇಮಚಂದರ ‘ಕಫನ್’. 1935ರಲ್ಲಿ ಮೊದಲು ಉರ್ದುವಿನಲ್ಲಿ, ‘ಜಾಮಿಯಾ’ ಪತ್ರಿಕೆಯಲ್ಲಿ ಬಂದ ಕಥೆ. ಮನೆಯೊಳಗೆ ಹೆರಿಗೆ ನೋವಿನಲ್ಲಿ ಹೆಣ್ಣು ಸಾಯುತ್ತಿದ್ದರೆ ಮಾವ ಘೀಸೂ, ಗಂಡ ಮಾಧವ ಹೊರಗೆ ಸುಟ್ಟ ಆಲೂಗಡ್ಡೆ ತಿನ್ನುತ್ತಾರೆ. ಅವಳ ಹೆಣದ ಬಟ್ಟೆಗೆಂದು ಊರವರು ಕೊಟ್ಟ ದುಡ್ಡಿನಲ್ಲಿ ಕುಡಿಯುತ್ತಾರೆ. ‘ಬಿಟ್ಟಿ ದುಡ್ಡು ಕೊಟ್ಟರೆ ಹೀಗೇ’ ಎನ್ನುವವರಿಗೆ ಈ ಕಥೆ ಒಳ್ಳೆಯ ಸಾಕ್ಷಿಯಂತೆ ಕಾಣಬಹುದು. ಆದರೆ ಪ್ರೇಮಚಂದರು ಕಥೆಯ ನಡುವೆ ಒಂದು ಮಾತು ಸೇರಿಸುತ್ತಾರೆ. ಹಗಲಿರುಳು ದುಡಿದವರ ಗತಿಯೂ ಇವರಿಗಿಂತ ಅಷ್ಟೇನೂ ಉತ್ತಮವಾಗಿಲ್ಲದ ಸಮಾಜದಲ್ಲಿ ಇಂಥ ಮನಸ್ಸು ಹುಟ್ಟಿದ್ದು ಆಶ್ಚರ್ಯವಲ್ಲ ಎಂಬ ಅರ್ಥದ ಮಾತು. ದುಡಿಮೆಗೂ ಸೋಮಾರಿತನಕ್ಕೂ ಇರುವ ಅಂತರವನ್ನು ಅಳಿಸಿ ಹಾಕಿದವರು ಈ ಇಬ್ಬರಲ್ಲ ಎಂದು ಲೇಖಕರಿಗೆ ಗೊತ್ತಿತ್ತು. ಹಿಂದಿಯ ದಲಿತ ವಿಮರ್ಶಕರು ಈ ಕಥೆಯನ್ನು ಆಕ್ಷೇಪಿಸಿದ್ದಾರೆ. ದುಡಿದೇ ಬದುಕುವ ಜಾತಿಯನ್ನು ಸೋಮಾರಿಯೆಂದು ಚಿತ್ರಿಸಿದ್ದು ಅನ್ಯಾಯವೆಂಬ ಅವರ ಮಾತಿನಲ್ಲಿ ಸತ್ಯವಿದೆ. ಬಡವನನ್ನು ಮೊದಲು ಸೋಮಾರಿ ಎಂದು ಶಂಕಿಸಿ, ಅಲ್ಲವೆಂದು ಸಾಬೀತು ಮಾಡುವ ಹೊಣೆಯನ್ನು ಅವನಿಗೇ ಹೊರಿಸುವ ಅಭ್ಯಾಸ ಕಥೆಗಿಂತ ಹಳೆಯದು.

ಕೆನ್ ಲೋಚ್‌ರ ‘ಐ, ಡೇನಿಯಲ್ ಬ್ಲೇಕ್’ (2016) ಚಿತ್ರದಲ್ಲಿ ಈ ಹೊಣೆ ಇಂಗ್ಲೆಂಡಿನ ಒಬ್ಬ ಬಡಗಿಯ ಹೆಗಲಿಗೆ ಬೀಳುತ್ತದೆ. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರವಿದು. ಹೃದಯಾಘಾತವಾದ ಡೇನಿಯಲ್‌ಗೆ ಕೆಲಸ ಮಾಡಬೇಡ ಎನ್ನುತ್ತಾರೆ ವೈದ್ಯರು. ಕಚೇರಿ ಮಾತ್ರ ಅವನು ಕೆಲಸಕ್ಕೆ ಯೋಗ್ಯ ಎನ್ನುತ್ತದೆ. ಭತ್ಯೆ ಉಳಿಸಿಕೊಳ್ಳಲು ಅವನು ಕೆಲಸ ಹುಡುಕುತ್ತಿದ್ದೇನೆಂದು ತೋರಿಸಬೇಕು. ಹಾಗೆ ಹುಡುಕುವಾಗ ಒಬ್ಬ ಮಾಲೀಕ ನಿಜಕ್ಕೂ ಕೆಲಸ ಕೊಡಲು ಮುಂದೆ ಬರುತ್ತಾನೆ. ಇವನು ಒಪ್ಪಿಕೊಳ್ಳುವಂತಿಲ್ಲ. ಮಾಲೀಕನ ಕಣ್ಣಿಗೆ ಡೇನಿಯಲ್ ಭತ್ಯೆ ತಿನ್ನುವ ಕಳ್ಳನಾಗಿ ಕಾಣುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ನೋವಿನ ದೃಶ್ಯ ಅದು. ಪ್ರಾಮಾಣಿಕನೊಬ್ಬ ನಿಯಮವನ್ನು ಪಾಲಿಸಿದ್ದರಿಂದಲೇ ಮೋಸಗಾರನಾದ. ಆದರೆ ಡೇನಿಯಲ್ ಅಷ್ಟು ನಿಷ್ಕಳಂಕನಾಗಿರುವುದು ಚಿತ್ರದ ಮಿತಿಯೂ ಹೌದು. ನಮ್ಮ ಕಾಯಿ ಸುಲಿಯುವ ಹುಡುಗನಂತೆ ಸ್ವಲ್ಪ ಮುಚ್ಚಿಟ್ಟು, ಸ್ವಲ್ಪ ಹೇಳಿ ದಿನ ದೂಡುವವನ ಕಥೆ ಇನ್ನೂ ಕಷ್ಟದ್ದು. ಅಂಥವನ ಪರ ನಿಲ್ಲಲು ಪ್ರೇಕ್ಷಕನಿಗೆ ಧೈರ್ಯ ಬೇಕಾಗುತ್ತದೆ.

ಸರ್ಕಾರದ ಮಾತಿನಲ್ಲೇ ಇರುವ ಇಬ್ಬಂದಿತನವನ್ನೂ ಗಮನಿಸಬೇಕು. 2017ರಲ್ಲಿ ಶುರುವಾದ ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ‘ಪ್ರಸ್ತುತ ವಾರದ ಸ್ಥಿತಿ’ ಎಂಬ ಅಳತೆ ಇದೆ. ಅದರ ಪ್ರಕಾರ ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ಕೆಲಸ ಮಾಡಿದ್ದರೂ ಆತ ಉದ್ಯೋಗಿ. ನಿರುದ್ಯೋಗ ಎಣಿಸುವಾಗ ಒಂದು ಗಂಟೆಯ ಕೂಲಿಯೂ ಉದ್ಯೋಗ. ಭತ್ಯೆ ಕೇಳುವಾಗಲೂ ಅದು ಉದ್ಯೋಗವೇ ಆದರೆ, ಉಳಿದ ದಿನಗಳ ಹಸಿವು ಯಾವ ಕಡತಕ್ಕೂ ಸೇರುವುದಿಲ್ಲ. 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಇದಕ್ಕಿಂತ ಗೌರವದ ತರ್ಕವಿತ್ತು. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾದ್ದು ಸರ್ಕಾರ. ಕೆಲಸವಿಲ್ಲದ್ದು ಕೂಲಿಯವನ ತಪ್ಪಲ್ಲ, ಪ್ರಭುತ್ವದ ಸೋಲು ಎಂದು ಆ ಕಾಯ್ದೆ ಕಾಗದದ ಮೇಲಾದರೂ ಒಪ್ಪಿಕೊಂಡಿತ್ತು.

ಬೇರೆ ದೇಶಗಳು ಈ ಅರೆ ಕೆಲಸಕ್ಕೆ ಜಾಗ ಮಾಡಿಕೊಟ್ಟಿವೆ. ಜರ್ಮನಿಯಲ್ಲಿ ವಾರಕ್ಕೆ 15 ಗಂಟೆಗಿಂತ ಕಡಿಮೆ ದುಡಿಯುವವನು ನಿರುದ್ಯೋಗ ವಿಮೆಯ ಭತ್ಯೆ ಪಡೆಯುತ್ತಲೇ ತಿಂಗಳಿಗೆ 165 ಯೂರೋವರೆಗೆ ಗಳಿಸಬಹುದು. ಅದರ ಮೇಲಿನ ಗಳಿಕೆಯಷ್ಟೇ ಭತ್ಯೆಯಿಂದ ಕಡಿತ. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ 2021ರ ಕೊನೆಯಿಂದ ಗಳಿಸಿದ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಭತ್ಯೆ ಇಳಿಯುತ್ತದೆ. ಡೇನಿಯಲ್‌ನನ್ನು ನೋಡಿದವರಿಗೆ ಆ ದೇಶವೇನೂ ಸ್ವರ್ಗವಾಗಿ ಕಾಣದು. ಆದರೂ ಅಲ್ಲಿ ಗಳಿಕೆಯನ್ನು ಹೇಳಿಕೊಳ್ಳಲು ಒಂದು ಖಾನೆ ಇದೆ. ಖಾನೆ ಇದ್ದರೆ ಮುಚ್ಚಿಟ್ಟವನನ್ನು ಮೋಸಗಾರ ಎನ್ನುವ ಹಕ್ಕು ಸರ್ಕಾರಕ್ಕೆ ಬರುತ್ತದೆ.

ಪೂರ್ಣಕಾಲದ ಸಂಬಳ ಎಣಿಸುತ್ತಾ ಭತ್ಯೆಯನ್ನೂ ಎಣಿಸುವವರು ಇಲ್ಲವೇ ಎಂದು ಕೇಳಬಹುದು. ಅದು ಮೋಸವೇ, ಅನುಮಾನವಿಲ್ಲ. ಆ ದುಡ್ಡು ಬೆಂಕಿಪೊಟ್ಟಣ ಕೊಳ್ಳುವ ಬಡವಿಯೂ ತೆತ್ತ ತೆರಿಗೆಯದು. ಆದರೆ ಅಂಥವನನ್ನೂ ಎಂಟು ದಿನ ಕಾಯಿ ಸುಲಿದವನನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ‘ಹಲಾಲ್ ದುಡ್ಡೇನೋ ಇದು?’ ಎಂದು ಕೇಳುತ್ತಾರೆ. ಪಕ್ಕದ ಮನೆಯಲ್ಲಿ ‘ಪಾಪದ ದುಡ್ಡು ಬೇಡ ಮಗಾ’ ಎನ್ನುತ್ತಾರೆ. ಮಾತು ಬೇರೆ, ಆತಂಕ ಒಂದೇ. ಮೊದಲ ಬಾರಿಗೆ ಸರ್ಕಾರದೊಡನೆ ವ್ಯವಹರಿಸುವ ಇಪ್ಪತ್ತೆರಡರ ಹುಡುಗ ಅಲ್ಲಿ ಕಲಿಯುವ ಮೊದಲ ಪಾಠ ‘ನಿಜ ಹೇಳಿದರೆ ಕಳೆದುಕೊಳ್ಳುತ್ತೀಯ’ ಎಂಬುದಾದರೆ, ಅದರ ಬೆಲೆ 3,000 ರೂಪಾಯಿಗಿಂತ ಬಹಳ ದೊಡ್ಡದು.

ಕೇಳುತ್ತಿರುವುದು ದೊಡ್ಡ ಕ್ರಾಂತಿಯನ್ನೇನಲ್ಲ. ‘ಈ ತಿಂಗಳು ಎಷ್ಟು ದಿನ ಕೂಲಿ ಸಿಕ್ಕಿತು, ಎಷ್ಟು ಬಂತು?’ ಎಂದು ಕೇಳುವ ಒಂದು ಖಾನೆ, ಇಷ್ಟರವರೆಗೆ ಗಳಿಸಿದರೆ ಭತ್ಯೆಗೆ ತೊಂದರೆಯಿಲ್ಲ ಎಂಬ ಒಂದು ಮಿತಿ, ಅದನ್ನು ಮೀರಿದರೆ ಮೀರಿದಷ್ಟಕ್ಕೆ ಮಾತ್ರ ಕಡಿತ. ದುಡಿದದ್ದನ್ನು ಹೇಳಿಕೊಳ್ಳಲು ಜಾಗ ಕೊಟ್ಟು ನೋಡಲಿ. ನಿಜ ಹೇಳುವವರು ಎಷ್ಟು ಮಂದಿ ಇದ್ದಾರೆಂದು ಸರ್ಕಾರಕ್ಕೂ ಆಗ ತಿಳಿಯುತ್ತದೆ.