ಒಂಟಿ ಸಾಕ್ಷಿಯೇ? ‘ಎ ಹಿಡನ್ ಲೈಫ್’ ಚಲನಚಿತ್ರ: ಒಂದು ವಿಮರ್ಶೆ

ನೈತಿಕ ದೇವಶಾಸ್ತ್ರದ ತರಗತಿಯಲ್ಲಿ ಅಹಿಂಸೆಯ ಪಾಠ ಬಂದಾಗಲೆಲ್ಲ ನಾನು ಟೆರೆನ್ಸ್ ಮಲಿಕ್ ನಿರ್ದೇಶಿಸಿದ ‘ಎ ಹಿಡನ್ ಲೈಫ್’ (2019) ಚಿತ್ರವನ್ನು ತೋರಿಸುತ್ತೇನೆ. ಹಿಟ್ಲರನ ಸೇನೆಯಲ್ಲಿ ಶಸ್ತ್ರ ಹಿಡಿಯಲು ನಿರಾಕರಿಸಿ, 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಶಿರಚ್ಛೇದಕ್ಕೊಳಗಾದ ಆಸ್ಟ್ರಿಯದ ರೈತ ಫ್ರಾಂಟ್ಸ್ ಯೇಗರ್‌ಸ್ಟೆಟರ್ ಅದರ ನಾಯಕ. 2007ರಲ್ಲಿ ಧರ್ಮಸಭೆ ಆತನಿಗೆ ಪುನೀತ ಪದವಿಯನ್ನಿತ್ತಿತು.

ಚಿತ್ರದ ಹಿರಿಮೆ ನಿರ್ವಿವಾದ. ಹುಲ್ಲು ಕೊಯ್ಲು, ಮಕ್ಕಳ ಆಟ, ಮಡದಿ ಫ್ರಾನ್ಸಿಸ್ಕಾಳೊಡನೆ ಪತ್ರ ವ್ಯವಹಾರ, ಇವುಗಳ ನಡುವೆಯೇ ನಿರಾಕರಣೆ ಮೊಳೆಯುತ್ತದೆ. ಅಹಿಂಸೆಯು ಒಂದು ದಿನದ ವೀರಾವೇಶವಲ್ಲ, ನಿತ್ಯದ ಬಾಳಿನಲ್ಲಿ ಹದಗೊಂಡ ಮನಸ್ಸಾಕ್ಷಿಯ ಫಲ ಎಂಬುದನ್ನು ಇಷ್ಟು ಚೆನ್ನಾಗಿ ಯಾವ ಪಠ್ಯವೂ ಬೋಧಿಸಲಾರದು.

ಆದರೂ ದೇವಶಾಸ್ತ್ರದ ದೃಷ್ಟಿಯಿಂದ ಎರಡು ಕೊರತೆಗಳಿವೆ. ಮೊದಲನೆಯದು, ಚಿತ್ರದಲ್ಲಿ ಆಸ್ಪತ್ರೆಯ ಸೇವೆ ಇತರರು ಮುಂದಿಡುವ ಸಲಹೆ ಮಾತ್ರ. ಚರಿತ್ರೆಯಲ್ಲಾದರೋ ಗಾಯಾಳುಗಳ ಶುಶ್ರೂಷೆಗೆ ಸಿದ್ಧನೆಂದು ಆತನೇ ತಿಳಿಸಿದ, ಅಧಿಕಾರಿಗಳು ಕಿವಿಗೊಡಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಕೊಲ್ಲಲಾರೆ ಎಂದವನು ಗುಣಪಡಿಸುವೆನೆಂದೂ ಹೇಳಿದ. ಪರ್ವತ ಪ್ರಬೋಧನೆಯ ವೈರಿಪ್ರೀತಿಯು ಕೈಕಟ್ಟಿ ನಿಲ್ಲುವುದಲ್ಲ, ಮಾಡಬಹುದಾದ ಒಳಿತನ್ನು ಹುಡುಕುವುದು.

ಎರಡನೆಯದು, ಚಿತ್ರವು ಆತನನ್ನು ತೀರಾ ಒಂಟಿಯಾಗಿಸುತ್ತದೆ. ಲಿಂಟ್ಸ್‌ನ ಧರ್ಮಾಧ್ಯಕ್ಷರು ಆತನಿಗೆ ಸಂಸಾರದ ಹೊಣೆಯನ್ನು ನೆನಪಿಸಿದ್ದು ನಿಜ. ಆದರೆ ಅದೇ ಪ್ರಮಾಣವಚನವನ್ನು ನಿರಾಕರಿಸಿ 1942ರಲ್ಲಿ ಅಲ್ಲಿಯೇ ಪ್ರಾಣತೆತ್ತ ಪಲ್ಲೋಟೈನ್ ಗುರು ಫ್ರಾಂಟ್ಸ್ ರೈನಿಶ್ ಅವರ ವಿಷಯವನ್ನು ಬರ್ಲಿನ್ ಸೆರೆಮನೆಯ ಆಧ್ಯಾತ್ಮಿಕ ಗುರುಗಳು ತಿಳಿಸಿದಾಗ ಆತನಿಗೆ ದೊಡ್ಡ ಸಾಂತ್ವನ ದೊರೆಯಿತು. ಆತ ದೇವಾಲಯದ ಪರಿಚಾರಕ, ಸಂತ ಫ್ರಾನ್ಸಿಸರ ಮೂರನೆಯ ಸಭೆಯ ಸದಸ್ಯ. ಧರ್ಮಸಭೆಯ ಅಧಿಕಾರಿಗಳ ಸಲಹೆಯನ್ನು ಮೀರಿದ ಆ ಮನಸ್ಸಾಕ್ಷಿ ರೂಪುಗೊಂಡದ್ದು ಧರ್ಮಸಭೆಯ ಮಡಿಲಲ್ಲೇ. ಈ ವೈರುಧ್ಯವನ್ನು ಚಿತ್ರ ಪೂರ್ತಿ ಹಿಡಿಯಲಾರದು.

ಆ ಸಾವು ಮರೆಯಲ್ಲೇ ಉಳಿಯಲಿಲ್ಲ. 1964ರಲ್ಲಿ ಗಾರ್ಡನ್ ಜಾನ್ ಅವರ ಗ್ರಂಥ ಅದನ್ನು ಬೆಳಕಿಗೆ ತಂದಿತು. ಮುಂಬೈಯ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ರಾಬರ್ಟ್ಸ್ ಅವರು ಅದನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ಗಮನಕ್ಕೆ ತಂದರು. ಮನಸ್ಸಾಕ್ಷಿಯ ಕಾರಣದಿಂದ ಶಸ್ತ್ರ ತ್ಯಜಿಸುವವರಿಗೆ ಕಾನೂನು ಮಾನವೀಯ ಅವಕಾಶ ಕಲ್ಪಿಸುವುದು ನ್ಯಾಯವೆಂದು ‘ಗೌದಿಯುಮ್ ಎತ್ ಸ್ಪೆಸ್’ನ 79ನೆಯ ಪರಿಚ್ಛೇದ ಹೇಳುತ್ತದೆ. ಫಲವನ್ನು ಕಾಣುವ ಆಸೆ ಆ ರೈತನಿಗಿರಲಿಲ್ಲ. ಫಲವಿಲ್ಲವೆಂದು ಅವನು ಸುಮ್ಮನಿರಲೂ ಇಲ್ಲ.

ಕಳೆದ ಬಾರಿ ಚಿತ್ರ ಮುಗಿದ ಮೇಲೆ ಒಬ್ಬ ಗುರುವಿದ್ಯಾರ್ಥಿ ಕೇಳಿದ: “ಫಾದರ್, ಆತ ನಮ್ಮ ಬಳಿ ಬಂದಿದ್ದರೆ ನಾವೇನು ಹೇಳುತ್ತಿದ್ದೆವು?” ಹೆಂಡತಿ ಮಕ್ಕಳನ್ನು ನೋಡಿಕೋ ಎನ್ನುತ್ತಿದ್ದೆನೆಂದೇ ನನಗೆ ತೋರಿತು, ಹಾಗೆಂದು ಒಪ್ಪಿಕೊಂಡೆ. ಆ ಸಲಹೆ ದುಷ್ಟವಲ್ಲ, ಕರುಣೆಯಿಂದಲೇ ಬಂದದ್ದು. ಆದರೆ ಅದನ್ನು ಕೊಡುವ ಮುನ್ನ, ಎದುರಿಗಿರುವವನಲ್ಲಿ ದೇವರು ಆಗಲೇ ಏನನ್ನು ನುಡಿದಿದ್ದಾರೆಂದು ಕೇಳಿಸಿಕೊಳ್ಳುವ ತಾಳ್ಮೆ ಗುರುವಿಗೆ ಬೇಕು. ಈ ಚಿತ್ರವನ್ನು ನಾವು ನೋಡಬೇಕಾದದ್ದು ಅದನ್ನು ಕಲಿಯಲೆಂದೇ.