ಮಣ್ಣೆತ್ತಿನ ಕಾಲು

ಕನ್ನಡದ ಆತ್ಮಕಥೆಗಳಲ್ಲಿ ಒಂದು ಅಧ್ಯಾಯ ತಪ್ಪದೆ ಬರುತ್ತದೆ. ಗೋಲಿ, ಬುಗುರಿ, ಚಿಣಿಫಣಿ, ಲಗೋರಿ, ಹಳ್ಳದ ಈಜು, ಕದ್ದು ತಿಂದ ಮಾವಿನಕಾಯಿ. ಅದನ್ನು ಓದಿದ ವಿಮರ್ಶಕರು ‘ಈ ಬಾಲ್ಯವೇ ಲೇಖಕರ ಸೃಜನಶೀಲತೆಗೆ ತಳಪಾಯವಾಯಿತು’ ಎಂದು ಒಂದು ವಾಕ್ಯ ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ಆ ವಾಕ್ಯದ ಬಗ್ಗೆ ನನ್ನದು ಹಳೆಯ ತಕರಾರು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಓಣಿಗಳಲ್ಲಿ ಗೋಲಿ ಆಡದ ಹುಡುಗ ಯಾರು? ಅವರೆಲ್ಲ ಕವಿಗಳಾಗಲಿಲ್ಲ. ಕೆಲವರು ದಲಾಲಿ ಅಂಗಡಿ ಇಟ್ಟರು, ಕೆಲವರು ಹಟ್ಟಿಯ ಚಿನ್ನದ ಗಣಿಗೆ ಇಳಿದರು, ಎಷ್ಟೋ ಮಂದಿ ಮಳೆ ಕೈಕೊಟ್ಟ ವರ್ಷ ಗುಳೆ ಹೋದರು. ಆಟ ಆಡಿದ್ದರಿಂದ ಲೇಖಕರಾದರು ಎನ್ನುವುದು ಊಟ ಮಾಡಿದ್ದರಿಂದ ಪೈಲ್ವಾನರಾದರು ಎಂದಂತೆ. ಸುಳ್ಳೇನಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಯಾವ ಆಟ, ಯಾವ ವಸ್ತುವಿನಿಂದ ಆಡಿದ್ದು, ಅದು ಕೈಗೆ ಏನು ಕಲಿಸಿತು ಎಂದು ಕೇಳಿದರೆ ಮಾತು ಸ್ವಲ್ಪ ದಾರಿಗೆ ಬರುತ್ತದೆ. ಫ್ರಾಯ್ಡ್ 1908ರಲ್ಲಿ ಪ್ರಕಟಿಸಿದ, ಲೇಖಕರು ಮತ್ತು ಹಗಲುಗನಸಿನ ಬಗೆಗಿನ ಸಣ್ಣ ಪ್ರಬಂಧವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆಡುವ ಮಗು ಕವಿಯಂತೆ ತನ್ನದೇ ಜಗತ್ತು ಕಟ್ಟುತ್ತದೆ ಎಂಬ ಮಾತು ಅಲ್ಲಿದೆ. ಅದರ ಜೊತೆಗೇ ಅವರು ಹೇಳಿದ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮಗು ತನ್ನ ಕಲ್ಪನೆಯನ್ನು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವಿಗೆ ಆತುಕೊಳ್ಳುವಂತೆ ಮಾಡುತ್ತದೆ. ದೊಡ್ಡವರ ಹಗಲುಗನಸಿಗೆ ಆ ಆಸರೆ ಇಲ್ಲ. ಆಟಕ್ಕೂ ಹಗಲುಗನಸಿಗೂ ಇರುವ ವ್ಯತ್ಯಾಸ ಇಷ್ಟೇ. ನನಗಂತೂ ಪ್ರಬಂಧದ ಜೀವ ಇರುವುದು ಇಲ್ಲಿ.

ನಮ್ಮ ಕಡೆಯ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಿ. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿದ ಹದಿನೈದು ದಿನಕ್ಕೆ ಮಣ್ಣಿನ ಎತ್ತುಗಳು ಮನೆಗೆ ಬರುತ್ತವೆ. ಕುಂಬಾರರು ಮಾಡಿ ಮಾರುತ್ತಾರೆ, ಸರಿ. ಆದರೆ ಮಕ್ಕಳಿಗೆ ತಾವೇ ಮಾಡಬೇಕು. ಯರೆಮಣ್ಣು ಕೈಯಲ್ಲಿ ಬೆಣ್ಣೆಯಂತೆ ಬಗ್ಗುತ್ತದೆ, ಒಣಗಿತೆಂದರೆ ಬಿರಿಯುತ್ತದೆ. ಹುತ್ತದ ಮಣ್ಣು ಬೇಕೆನ್ನುವವರು ಅದಕ್ಕೇ. ಕಾಲು ಸಣ್ಣಗೆ ಮಾಡಿದರೆ ಅಂದವಾಗಿ ಕಾಣುತ್ತದೆ, ಹೊಟ್ಟೆಯ ಭಾರಕ್ಕೆ ಮುರಿಯುತ್ತದೆ. ದಪ್ಪ ಮಾಡಿದರೆ ನಿಲ್ಲುತ್ತದೆ, ಎತ್ತು ಹೋಗಿ ಒರಳಾಗುತ್ತದೆ. ಮನಸ್ಸಿನಲ್ಲಿರುವ ಎತ್ತಿಗೂ ಕೈಯಲ್ಲಿರುವ ಮಣ್ಣಿಗೂ ನಡೆಯುವ ಈ ಜಗಳವನ್ನು ಯಾವ ಮಾಸ್ತರರೂ ಹೇಳಿಕೊಡಲಾರರು. ಹಬ್ಬದ ಮರುದಿನ ಹಲವು ಊರುಗಳಲ್ಲಿ ಹುಡುಗರು ಎತ್ತು ಕುಂಟಾಯಿತೆಂದು ಮನೆಮನೆ ತಿರುಗಿ ಹಾಡಿ ಕಾಳು ಬೇಡುತ್ತಾರೆ. ಕಾಳು ನೀಡುವ ಅವ್ವಂದಿರಿಗೂ ಗೊತ್ತು ಅದು ಮಣ್ಣಿನ ಎತ್ತು, ಕಾಲು ಮುರಿದದ್ದು ಇವರ ಕೈಯಲ್ಲೇ ಎಂದು. ಆದರೂ ನೀಡುತ್ತಾರೆ. ಕಥೆ ಕಟ್ಟುವವನಿಗೂ ಕೇಳುವವನಿಗೂ ನಡುವಿನ ಕರಾರು ಇದಕ್ಕಿಂತ ಬೇರೆಯೇನಲ್ಲ.

ವಸ್ತು ಬದಲಾದರೆ ಆಟವೂ ಬದಲಾಗುತ್ತದೆ. ಒಣಬೇಸಾಯದ ಊರುಗಳಲ್ಲಿ ಜೋಳದ ದಂಟು ಮಕ್ಕಳ ಕೈಗೆ ಸಿಗುವ ಸಾಮಾನು. ಸಿಪ್ಪೆ ಸುಲಿದರೆ ಒಳಗೆ ಬೆಂಡು. ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿದರೆ ಬಂಡಿ, ಗಾಲಿ, ನೊಗ, ಕನ್ನಡಕ ಏನು ಬೇಕಾದರೂ ಆಗುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಡೆ ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರ ಕ್ಯಾಂಪುಗಳು ಬಂದವು, ಆಮೇಲೆ ಬಂಗಾಲಿ ನಿರಾಶ್ರಿತರವೂ ಬಂದವು. ಊರಿಗೆ ದುಡ್ಡು ಬಂತು, ಒಳ್ಳೆಯದೇ ಆಯಿತು. ಭತ್ತದ ಹುಲ್ಲಿನಲ್ಲಿ ಮಾತ್ರ ಬೆಂಡಿಲ್ಲ, ಅದರಿಂದ ಬಂಡಿಯಾಗದು. ಅಲ್ಲಿಯ ಹುಡುಗರು ಕೆಸರಿನಲ್ಲಿ ಟ್ರ್ಯಾಕ್ಟರ್ ಮಾಡಿ ಅದಕ್ಕೆ ಬಾಟಲಿ ಮುಚ್ಚಳದ ಗಾಲಿ ಹಚ್ಚಿದ್ದನ್ನು ಕಂಡಿದ್ದೇನೆ. ಬಾಲ್ಯ ಹಾಳಾಯಿತು ಎಂದು ಗೋಳಾಡುವ ಲೇಖನಗಳ ಸಾಲಿಗೆ ಇದನ್ನು ಸೇರಿಸಬೇಡಿ. ಮೊಬೈಲ್ ಮುಂದೆ ಕೂತ ಹುಡುಗನ ಕೈಗೆ ಮುರಿಯುವಂಥದ್ದು ಏನೂ ಸಿಗುವುದಿಲ್ಲ ಎಂಬುದಷ್ಟೇ ನನ್ನ ದೂರು.

ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಮ್ ದೊಡ್ಡದು. ಹಬ್ಬ ಮುಗಿದು ಪಂಜಾಗಳು ಒಳಗೆ ಹೋದ ಮೇಲೆ ಸುತ್ತಲ ಹಳ್ಳಿಗಳಲ್ಲಿ ಹುಡುಗರ ಮೊಹರಮ್ ಶುರುವಾಗುತ್ತದೆ. ಕೋಲಿಗೆ ಅರಿವೆ ಸುತ್ತಿದರೆ ದೇವರು, ಡಬ್ಬಿ ಬಡಿದರೆ ಹಲಗೆ. ಹೊರುವವನು ಯಾರ ಮನೆಯವನೆಂದು ಯಾರೂ ಕೇಳುವುದಿಲ್ಲ. ಇದು ಅಣಕವಲ್ಲ, ಭಕ್ತಿಯೂ ಪೂರ್ತಿ ಅಲ್ಲ. ನಾಟಕ ಹುಟ್ಟುವುದು ಇಂಥ ಜಾಗದಲ್ಲಿ.

ಇದನ್ನು ತಲೆಯಲ್ಲಿಟ್ಟುಕೊಂಡು ಗಿರೀಶ ಕಾರ್ನಾಡರ ‘ಹಯವದನ’ವನ್ನು ಮತ್ತೆ ಓದಬೇಕು. ಅದರ ಬಗ್ಗೆ ಬಂದ ವಿಮರ್ಶೆ ಕಥಾಸರಿತ್ಸಾಗರ, ಥಾಮಸ್ ಮಾನ್, ಪೂರ್ಣತೆ-ಅಪೂರ್ಣತೆ ಎಂದು ಸುತ್ತಿ ಸುತ್ತಿ ದಣಿದಿದೆ. ಅಲ್ಲಿಯ ಎರಡು ಗೊಂಬೆಗಳನ್ನು ಹೆಚ್ಚು ಜನ ಮಾತಾಡಿಸಿಲ್ಲ. ಮಗುವಿಗೆಂದು ತಂದ ಆ ಗೊಂಬೆಗಳು ಪದ್ಮಿನಿಯ ಕನಸನ್ನು ನೋಡುತ್ತವೆ. ದೇವದತ್ತನ ಅಂಗೈ ಮೊದಲು ಒರಟಾಗಿತ್ತು, ಈಗ ಮೆತ್ತಗಾಗಿದೆ ಎಂದು ಮೊದಲು ಗುರುತಿಸುವವೂ ಅವೇ. ತಲೆ ದೊಡ್ಡದೋ ದೇಹ ದೊಡ್ಡದೋ ಎಂದು ಪಂಡಿತರು ವಾದಿಸುವಾಗ ಆಟಿಕೆ ಕೈಯ ಚರ್ಮ ನೋಡಿ ತೀರ್ಪು ಕೊಡುತ್ತದೆ. ಕೊನೆಯಲ್ಲಿ ನಗದ, ಮಾತಾಡದ, ಗೊಂಬೆ ಬಿಡದ ಮಗು ಕುದುರೆಮೋರೆಯವನನ್ನು ಕಂಡು ನಗುತ್ತದೆ. ನಾಟಕದ ಗಂಟು ಬಿಚ್ಚುವುದು ಆ ನಗೆಯಿಂದ. ಶಿರಸಿಯ ಬಾಲ್ಯದಲ್ಲಿ ಕಂಪನಿ ನಾಟಕ, ಬಯಲಾಟ ಎರಡನ್ನೂ ಕಂಡವರು ಕಾರ್ನಾಡರು. 2011ರಲ್ಲಿ ಬಂದ ಆತ್ಮಕಥೆಗೆ ‘ಆಡಾಡತ ಆಯುಷ್ಯ’ ಎಂದು ಹೆಸರಿಟ್ಟರು. ಆದರೆ ಆಟದ ಬಗ್ಗೆ ಆತ್ಮಕಥೆಗಿಂತ ಆ ಗೊಂಬೆಗಳು ಹೆಚ್ಚು ಹೇಳುತ್ತವೆ. ಆಟ ನೆನಪಾಗಿ ಬಂದಾಗ ಅದು ಪ್ರಸಂಗ, ಕಟ್ಟುವ ರೀತಿಯಾಗಿ ಬಂದಾಗ ಅದು ಕೃತಿ.

ಸಿದ್ಧಲಿಂಗಯ್ಯನವರ ‘ಊರುಕೇರಿ’ ಇನ್ನೂ ಕಠಿಣವಾದ ಉದಾಹರಣೆ. ಅದರ ಆರಂಭದಲ್ಲೇ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಹೊಲ ಉಳುತ್ತಾರೆ. ಹುಡುಗ ಅದನ್ನು ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬ ಅವನ ತಂದೆ. ನಮ್ಮ ಮಕ್ಕಳು ಮಣ್ಣನ್ನು ಎತ್ತು ಮಾಡುತ್ತಾರೆ. ಇಲ್ಲಿ ಮನುಷ್ಯನನ್ನೇ ಎತ್ತು ಮಾಡಿದ್ದಾರೆ. ಇದನ್ನು ಬರೆಯುವಾಗ ಲೇಖಕರು ಕಿರುಚುವುದಿಲ್ಲ. ಹುಡುಗನ ಕಣ್ಣು ಹುಡುಗನ ಕಣ್ಣಾಗಿಯೇ ಉಳಿಯುತ್ತದೆ, ಪುಸ್ತಕದ ತುಂಬ ತುಂಟತನ ಇದೆ. ಸುಖದ ಬಾಲ್ಯ ಬೇಕು, ಆಗಲೇ ಕಲೆ ಎನ್ನುವವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಆಡಲು ಬಿಡುವಿಲ್ಲದವನೂ, ದನ ಕಾಯುತ್ತಲೇ ಕಲ್ಲಿನ ಮೇಲೆ ಹುಲಿ-ಕುರಿ ಮನೆ ಗೀರಿದವನೂ ಆಟಗಾರನೇ.

ಹೆಣ್ಣುಮಕ್ಕಳ ಆಟ ಮಾತ್ರ ಈ ಚರ್ಚೆಯ ಹೊರಗೇ ಉಳಿದಿದೆ. ಆಣಿಕಲ್ಲು ಆಡುವ ಹುಡುಗಿ ಒಂದು ಹರಳನ್ನು ಮೇಲೆ ತೂರಿ, ಅದು ಇಳಿಯುವುದರೊಳಗೆ ನೆಲದ ಮೂರನ್ನು ಬಾಚುತ್ತಾಳೆ. ತಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಚುತ್ತಾಳೆ. ಅರಿವೆಯ ಗೊಂಬೆಗೆ ಸೀರೆ ಹೊಂದಿಸುತ್ತಾಳೆ. ಹನ್ನೆರಡಕ್ಕೋ ಹದಿಮೂರಕ್ಕೋ ಆಟ ನಿಲ್ಲಿಸಿಬಿಡುತ್ತಾರೆ. ಆಮೇಲೆ ಅವಳು ಆತ್ಮಕಥೆ ಬರೆಯುವುದಿಲ್ಲ, ಕೌದಿ ಹೊಲಿಯುತ್ತಾಳೆ. ಮಸ್ಕಿಯ ಮನೆಯೊಂದರಲ್ಲಿ ನಾನು ನೋಡಿದ ಕೌದಿಯ ನಡುವೆ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು, ಸುತ್ತ ಚೌಕಾಬಾರದ ಮನೆಗಳಂತೆ ಬಿಳಿ ಧೋತರ, ನೀಲಿ ಅಂಗಿ, ಶಾಲೆಯ ಖಾಕಿ. ಒಂದು ಮೂಲೆಯಲ್ಲಿ ಅಳತೆ ತಪ್ಪಿ ಹಸಿರು ತುಂಡು ಬಂದಿತ್ತು. ತಪ್ಪಿದ್ದಲ್ಲ, ಬೇಕೆಂದೇ ಹಚ್ಚಿದ್ದು ಎಂದು ಹೊಲಿದ ಅಮ್ಮ ಹೇಳಿದರು. ಎಲ್ಲ ಒಂದೇ ಸಮ ಇದ್ದರೆ ಕಣ್ಣು ಅಲ್ಲಿ ನಿಲ್ಲುವುದಿಲ್ಲವಂತೆ.