ಗುಂಪಿಗೆ ಹೆಸರಿಡುವ ಮುನ್ನ

ಒಂದು ಪದ ಯಾರ ಕಡೆ ನಿಂತು ಮಾತಾಡುತ್ತಿದೆ ಎಂದು ವಿಮರ್ಶೆ ಕೇಳುತ್ತದೆ. ಶಾಲೆಯ ಸ್ಟಾಫ್ ರೂಮಿನ ಪದಗಳಿಗೂ ಈ ಪ್ರಶ್ನೆ ಕೇಳಬೇಕೆಂದು ನನಗೆ ಅನ್ನಿಸಿದ್ದು, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸರ್ಕಾರಿ ಶಾಲೆಗಳ ಕೆಲವು ಮೇಷ್ಟ್ರು, ಮೇಡಂಗಳ ಜೊತೆ ಮಾತಾಡಿದ ಮೇಲೆ. ಕಲಿಕೆಯ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡುವುದು ಸರಿಯೇ ಎಂಬ ಬಗ್ಗೆ ಅವರಲ್ಲಿ ಒಮ್ಮತವಿಲ್ಲ.

ಪ್ರೌಢಶಾಲೆಯವರ ವಾದವನ್ನು ತಳ್ಳಿಹಾಕುವಂತಿಲ್ಲ. ಭಾಗಾಕಾರ ಬಾರದ ಹುಡುಗನಿಗೂ ತ್ರಿಕೋನಮಿತಿ ಬಲ್ಲ ಹುಡುಗಿಗೂ ಒಂದೇ ಪಾಠ ಮಾಡಿದರೆ ಇಬ್ಬರಿಗೂ ಅನ್ಯಾಯ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಹಿಂದುಳಿದವರನ್ನು ಬೇರೆ ಕೂರಿಸಿ, ಪದೇ ಪದೇ ಬರುವ ಪ್ರಶ್ನೆಗಳನ್ನು ಬರೆಸಿ ಬರೆಸಿ ದಡ ಮುಟ್ಟಿಸುತ್ತೇವೆ ಎನ್ನುತ್ತಾರೆ. ಕೂಲಿಯವರ ಮಗಳಿಗೆ ಆ ಪಾಸು ಕಾಲೇಜಿಗೂ ಬೇಗನೆ ಆಗುವ ಮದುವೆಗೂ ನಡುವಿನ ಗೆರೆ.

ಹಾಗೆಂದು ಗುಂಪು ಎಂಬುದು ಒಂದೇ ಬಗೆಯದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿ–ಕಲಿಯೂ ಗುಂಪು ಮಾಡಿತು. ಅಲ್ಲಿದ್ದ ಐದು ಗುಂಪುಗಳಿಗೆ ಹೆಸರು ಬಂದದ್ದು ನೆರವಿನಿಂದ: ಶಿಕ್ಷಕರ ಪೂರ್ಣ ನೆರವು ಬೇಕಾದದ್ದು, ಸ್ವಲ್ಪ ನೆರವು ಸಾಕಾದದ್ದು, ಸಹಪಾಠಿಗಳ ನೆರವಿನದು, ತಾನೇ ಕಲಿಯುವುದು. ಚಟುವಟಿಕೆಯ ಕಾರ್ಡು ಬದಲಾದಂತೆ ಮಗುವಿನ ಗುಂಪೂ ಬದಲಾಗುತ್ತಿತ್ತು. ಬೆಳಿಗ್ಗೆ ಮೇಡಂ ಪಕ್ಕ ಕೂತವಳು ಮಧ್ಯಾಹ್ನ ಇನ್ನೊಬ್ಬರಿಗೆ ಹೇಳಿಕೊಡಬಹುದಿತ್ತು.

ಅದೇ ಮಗು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಪದಗಳು ಬದಲಾಗುತ್ತವೆ: ‘ನಿಧಾನ ಕಲಿಕೆಯವರು’, ‘ಸಿ ಗುಂಪು’. ಇಲ್ಲಿ ಹೆಸರಿರುವುದು ನೆರವಿಗಲ್ಲ, ಮಗುವಿಗೆ. ನನ್ನ ತಕರಾರು ಇರುವುದು ಇಲ್ಲಿ. ನೆರವಿನ ಹೆಸರು ಮೇಷ್ಟ್ರಿಗೆ ಕೆಲಸ ಹಚ್ಚುತ್ತದೆ. ಮಗುವಿನ ಹೆಸರು ಆ ಹೊಣೆಯನ್ನು ಮಗುವಿನ ತಲೆಗೇ ಕಟ್ಟುತ್ತದೆ. ಬೀಜಗಣಿತದಲ್ಲಿ ಹಿಂದುಳಿದವನು ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತಾನೆ ಎಂಬುದನ್ನು ‘ಸಿ’ ಅಕ್ಷರ ಹೇಳುವುದಿಲ್ಲ. ನಲಿ–ಕಲಿಯ ಹಾದಿಯಲ್ಲಿ ಏಣಿಯಿತ್ತು. ಈ ಪಟ್ಟಿಗಳಲ್ಲಿ ಹೆಸರು ಸೇರುವ ದಿನಾಂಕವಿರುತ್ತದೆ, ಹೊರಬರುವ ದಿನಾಂಕವಿರುವುದಿಲ್ಲ.

ಬೇರ್ಪಡಿಸುವ ಕೆಲಸ ತರಗತಿಯೊಳಗೆ ಮಾತ್ರ ನಡೆಯುತ್ತಿಲ್ಲ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇಟ್ಟಾಗ, ಚುರುಕು ಎನಿಸಿಕೊಂಡ ಮಕ್ಕಳು ಊರಿನ ಶಾಲೆ ಬಿಡುತ್ತಾರೆ. ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ ಗೆಳತಿಯನ್ನು ಕಳೆದುಕೊಂಡ ತರಗತಿಯ ನಷ್ಟ ಯಾವ ಫಲಿತಾಂಶದಲ್ಲೂ ಕಾಣುವುದಿಲ್ಲ. ಫಿನ್ಲೆಂಡ್ 1985ರಲ್ಲಿ ಗಣಿತ ಮತ್ತು ಭಾಷೆಗಳಲ್ಲಿ ಮಕ್ಕಳನ್ನು ಮಟ್ಟವಾರು ಬೇರ್ಪಡಿಸುವುದನ್ನು ನಿಲ್ಲಿಸಿ, ಹಿಂದುಳಿದವರಿಗೆ ಹೆಚ್ಚಿನ ನೆರವು ಕೊಡುವ ದಾರಿ ಹಿಡಿಯಿತು. ಅಷ್ಟು ಶಿಕ್ಷಕರು ನಮ್ಮಲ್ಲಿ ಎಲ್ಲಿದ್ದಾರೆ ಎಂದು ಗುಬ್ಬಿ ಕಡೆಯ ಮೇಷ್ಟ್ರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ. ಅದರ ಉತ್ತರವನ್ನು ಹದಿನೈದು ವರ್ಷದ ಹುಡುಗನ ಹಣೆಗೆ ಅಂಟಿಸುವುದು ತರವಲ್ಲ.

ಗುಂಪು ಮಾಡಲೇಬೇಕಾದರೆ ಒಂದು ವಿಷಯಕ್ಕೆ, ಇಷ್ಟು ವಾರಕ್ಕೆ ಎಂದು ಮಾಡಲಿ. ಎಲ್ಲರಿಗಿಂತ ಅನುಭವಿ ಮೇಷ್ಟ್ರು ಆ ಗುಂಪಿಗೇ ಪಾಠ ಮಾಡಲಿ. ಪಟ್ಟಿಯಲ್ಲಿ ಮಗುವಿನ ಹೆಸರಿನ ಮುಂದೆ ಅಂಕದ ಬದಲು ಇನ್ನೇನು ಕಲಿಸಬೇಕು ಎಂಬುದನ್ನು ಬರೆಯಲಿ.